ಮಳೆಗಾಲಕ್ಕೊಂದು ಹಳೆಯ ಗೇಮ್: ಬಾಲ್ಡರ್ಸ್ ಗೇಟ್ ಈಗಲೂ ಆಡಬಹುದಾ? ಆಡುವುದಾದರೆ ಯಾವುದು?

ಜುಲೈ ಕೊನೆಯ ವಾರ. ಕೊಡಗಿನ ಮಾದಾಪುರದ ಹತ್ತಿರ ನಮ್ಮ ಮನೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಎಲ್ಲೋ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿದ್ದು, ಕರೆಂಟ್ ಬರುವುದು ಹೋಗುವುದು ನಡೆದೇ ಇತ್ತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದಿದ್ದ. ಫೋನ್ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದು ಸಿಗ್ನಲ್ ಹುಡುಕಿದ. ಸಿಗಲಿಲ್ಲ. ಒಳಗೆ ಬಂದು ಒಲೆ ಹತ್ತಿರ ಕೂತ.

"ಮಾವ, ನೀವು ಯಾವಾಗಲೂ ಹೇಳ್ತಾ ಇರ್ತೀರಲ್ಲ, ಆ ಹಳೇ ಬಾಲ್ಡರ್ಸ್ ಗೇಟ್. ಅದನ್ನ ಈಗ ಆಡೋಕಾಗುತ್ತಾ? ನಾನು ಮೂರನೇದು ಆಡಿದ್ದೀನಿ. ಇನ್ನು ಒಂದನೇದು ಯಾಕೆ?"

ಒಳ್ಳೆಯ ಪ್ರಶ್ನೆ. ನನಗೆ ಈ ಗೇಮ್ ಅಂದರೆ ತುಂಬಾ ಇಷ್ಟ, ಹಾಗಂತ ಎಲ್ಲರಿಗೂ "ಆಡಿ ಆಡಿ" ಅನ್ನುವುದು ಸರಿಯಲ್ಲ. ಕೈಯಲ್ಲಿ ಎಂಥ ಲ್ಯಾಪ್‌ಟಾಪ್ ಇದೆ, ಎಷ್ಟು ಸಮಯ ಇದೆ, ಓದುವ ತಾಳ್ಮೆ ಇದೆಯಾ, ಇದರ ಮೇಲೆ ಉತ್ತರ ಬದಲಾಗುತ್ತದೆ. ಅವನಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ನನ್ನ ಮಾತು ಹೇಳಿಬಿಡುತ್ತೇನೆ. ಹೌದು, ಈಗಲೂ ಆಡಬಹುದು. ಆದರೆ 1998ರ ಮೂಲ ಗೇಮ್ ಬೇಡ, ಅದನ್ನೇ ಈಗಿನ ಯಂತ್ರಗಳಿಗೆ ಹೊಂದುವ ಹಾಗೆ ಸುಧಾರಿಸಿದ 2012ರ ಎನ್‌ಹಾನ್ಸ್ಡ್ ಎಡಿಷನ್ ತಗೊಳ್ಳಿ. ಮೊದಲ ಐದಾರು ಗಂಟೆ ನಿಮ್ಮನ್ನು ಸತಾಯಿಸುತ್ತದೆ, ಅದಕ್ಕೆ ಸಿದ್ಧರಾಗಿ ಕೂರಿ. ಅಷ್ಟು ಸಮಯ ಇಲ್ಲ ಅನ್ನುವವರಿಗೆ ಬೇರೆ ದಾರಿ ಇದೆ, ಅದನ್ನೂ ಹೇಳುತ್ತೇನೆ.

ಇದು ಎಂಥ ಗೇಮ್

ಬಾಲ್ಡರ್ಸ್ ಗೇಟ್ ಬಂದಿದ್ದು 1998ರ ಡಿಸೆಂಬರ್‌ನಲ್ಲಿ. ಮಾಡಿದ್ದು ಕೆನಡಾದ ಎಡ್ಮಂಟನ್ ಊರಿನ ಬಯೋವೇರ್. ಆ ಕಂಪನಿ ಶುರುಮಾಡಿದವರಲ್ಲಿ ಮೂವರು ವೈದ್ಯರಿದ್ದರು: ರೇ ಮುಝೈಕಾ, ಗ್ರೆಗ್ ಝೆಸ್ಚುಕ್, ಆಗಸ್ಟಿನ್ ಯಿಪ್. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಮೇಜಿನ ಸುತ್ತ ಕೂತು ದಾಳ ಹಾಕಿ ಆಡುವ ಆಟ ಇದೆಯಲ್ಲ, ಅದರ ಎರಡನೇ ಆವೃತ್ತಿಯ ನಿಯಮಗಳನ್ನು ಕಂಪ್ಯೂಟರ್‌ಗೆ ತಂದರು.

ಕತೆ ಶುರುವಾಗುವುದು ಕ್ಯಾಂಡಲ್‌ಕೀಪ್ ಅನ್ನುವ ಕೋಟೆಯಲ್ಲಿ. ಕೋಟೆ ತುಂಬ ಪುಸ್ತಕ. ನೀವು ಅಲ್ಲಿ ಬೆಳೆದ ಅನಾಥ ಮಗು. ಸಾಕಿದ ತಂದೆ ಗೋರಿಯಾನ್ ಒಂದು ದಿನ ಇದ್ದಕ್ಕಿದ್ದ ಹಾಗೆ "ಹೊರಡು, ಇಲ್ಲಿರುವುದು ಕ್ಷೇಮವಲ್ಲ" ಅನ್ನುತ್ತಾರೆ. ಅದೇ ರಾತ್ರಿ ದಾರಿಯಲ್ಲಿ ಅವರನ್ನು ಯಾರೋ ಕೊಲ್ಲುತ್ತಾರೆ. ಬೆಳಗಾದಾಗ ನಿಮ್ಮ ಜೊತೆ ಉಳಿಯುವುದು ಬಾಲ್ಯದ ಗೆಳತಿ ಇಮೋಯೆನ್ ಒಬ್ಬಳೇ. ಅಲ್ಲಿಂದ ಮುಂದೆ ಯಾರ ಜೊತೆ ಸೇರಬೇಕು, ಯಾವ ಕಡೆ ಹೋಗಬೇಕು ಎಲ್ಲವೂ ನಿಮ್ಮದೇ. ನಿಮ್ಮನ್ನೂ ಸೇರಿಸಿ ಆರು ಜನರ ಗುಂಪು ಕಟ್ಟಬಹುದು.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ದೊಡ್ಡ ರಾಕ್ಷಸನ ಕತೆ ಅಲ್ಲ, ಕಬ್ಬಿಣದ ಕತೆ. ಆ ಸೀಮೆಯಲ್ಲಿ ಕಬ್ಬಿಣ ಕೆಟ್ಟುಹೋಗುತ್ತಿದೆ. ನ್ಯಾಶ್ಕೆಲ್ ಗಣಿಯಿಂದ ಬರುವ ಅದಿರು ಟೊಳ್ಳು. ಊರೂರಲ್ಲಿ ಜನ ಇದನ್ನೇ ಮಾತಾಡುತ್ತಾರೆ, ವ್ಯಾಪಾರಿಗಳು ಗೊಣಗುತ್ತಾರೆ, ದಾರಿಯಲ್ಲಿ ಕಳ್ಳರು ಚಿನ್ನ ಬಿಟ್ಟು ಕಬ್ಬಿಣ ದೋಚುತ್ತಾರೆ. ಇದು ಬರೀ ಮಾತಲ್ಲ. ತೋಳದ ಜೊತೆ ಹೋರಾಡುವಾಗ ನಿಮ್ಮ ಕೈಯಲ್ಲಿರುವ ಕತ್ತಿಯೇ ಫಟ್ ಅಂತ ಮುರಿಯುತ್ತದೆ. ಮಂತ್ರ ಹಾಕದ ಸಾಮಾನ್ಯ ಕಬ್ಬಿಣದ ಆಯುಧ ಹೀಗೆ ಮುರಿಯಬಹುದು. ಅವತ್ತಿನಿಂದ ನೀವು ಬ್ಯಾಗಿನಲ್ಲಿ ಇನ್ನೊಂದು ಕತ್ತಿ ಇಟ್ಟುಕೊಂಡು ತಿರುಗುತ್ತೀರಿ. ಕತೆ ಹೇಳುವ ವಿಷಯ ಆಟ ಆಡುವವನ ಕೈಗೇ ತಾಗುವ ಹಾಗೆ ಮಾಡಿದ್ದಾರೆ. ಇಷ್ಟು ವರ್ಷ ಆದಮೇಲೂ ಇಂಥದ್ದು ಜಾಸ್ತಿ ಗೇಮ್‌ಗಳಲ್ಲಿ ಕಾಣಲಿಲ್ಲ ನನಗೆ.

ಮೊದಲ ಐದು ಗಂಟೆ

ಬಿಟ್ಟುಹೋಗುವವರು ಬಿಟ್ಟುಹೋಗುವುದು ಇಲ್ಲೇ. ಅಕ್ಕನ ಮಗನೂ ಮೊದಲ ದಿನ ಬಿಟ್ಟ. ಮೂರನೆಯ ಗೇಮ್ ಆಡಿದ ಧೈರ್ಯದಲ್ಲಿ ಒಬ್ಬ ಮಂತ್ರವಾದಿಯನ್ನು ಮಾಡಿಕೊಂಡು, ಕಾಡಿನಲ್ಲಿ ಸುಮ್ನೆ ಅಡ್ಡಾಡಲು ಹೊರಟ. ಒಂದು ತೋಳ ಬಂತು. ಎರಡು ಕಡಿತ. ಆಟ ಮುಗಿಯಿತು. ಮತ್ತೆ ಲೋಡ್ ಮಾಡಿದ, ಈ ಸಲ ಕರಡಿ. "ಎಂಥ ಮಾವ ಇದು, ಆಡೋಕೇ ಬಿಡಲ್ಲ!" ಅಂದ.

ಅವನ ಕೋಪ ನ್ಯಾಯವೇ. ಒಂದನೇ ಲೆವೆಲ್‌ನ ಮಂತ್ರವಾದಿಯ ಜೀವ ಬರೀ ನಾಲ್ಕು ಅಂಕ, ದೇಹ ಗಟ್ಟಿಯಿದ್ದರೆ ಒಂದೆರಡು ಜಾಸ್ತಿ. ದಿನಕ್ಕೆ ಒಂದೇ ಮಂತ್ರ. ಅದನ್ನು ಹಾಕಿದ ಮೇಲೆ ಮಲಗಿ ಎದ್ದರೆ ಮಾತ್ರ ಇನ್ನೊಂದು. ಮೂರನೆಯ ಗೇಮ್‌ನಲ್ಲಿ ಸಣ್ಣ ಮಂತ್ರಗಳನ್ನು ಎಷ್ಟು ಸಲ ಬೇಕಾದರೂ ಹಾಕಬಹುದು. ಇಲ್ಲಿ ಹಾಗಿಲ್ಲ.

ಇನ್ನೊಂದು ತೊಡಕು ಥ್ಯಾಕೋ, ಅಂದರೆ ನಿಮ್ಮ ಏಟು ತಾಗುತ್ತದೋ ಇಲ್ಲವೋ ಅನ್ನುವ ಲೆಕ್ಕ. ಹೆಸರು ಕೇಳಿ ಹೆದರಬೇಡಿ, ಮೂರು ಸಾಲಿನಲ್ಲಿ ಮುಗಿಯುತ್ತದೆ. ನಿಮ್ಮ ಥ್ಯಾಕೋ 20 ಅಂದುಕೊಳ್ಳಿ. ಎದುರಾಳಿಯ ಕವಚದ ಅಂಕ 5. ಇಪ್ಪತ್ತರಿಂದ ಐದು ಕಳೆಯಿರಿ, 15. ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 15 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಏಟು ತಾಗುತ್ತದೆ. ನೂರಕ್ಕೆ ಮೂವತ್ತು ಸಲ ಮಾತ್ರ. ಶುರುವಿನಲ್ಲಿ ಏಟುಗಳೆಲ್ಲ ಗಾಳಿಗೆ ಹೋಗುವುದು ಇದಕ್ಕೇ. ನೆನಪಿಡಬೇಕಾದ್ದು ಒಂದೇ: ಈ ಗೇಮ್‌ನಲ್ಲಿ ಥ್ಯಾಕೋ ಆಗಲಿ ಕವಚದ ಅಂಕ ಆಗಲಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಮೂರನೆಯದರಲ್ಲಿ ಕವಚದ ಅಂಕ ಜಾಸ್ತಿಯಾದಷ್ಟೂ ಒಳ್ಳೆಯದು, ಇಲ್ಲಿ ಉಲ್ಟಾ. ಅಂಗಡಿಯಲ್ಲಿ ಕವಚ ಕೊಳ್ಳುವಾಗ ಇದನ್ನು ಮರೆತರೆ ದುಡ್ಡು ದಂಡ.

ಎರಡನೇ ದಿನ ನಾನು ಅವನ ಪಕ್ಕ ಕೂತೆ. ಕಾಡು ಸುತ್ತುವುದು ಬಿಟ್ಟು ನೇರ ಫ್ರೆಂಡ್ಲಿ ಆರ್ಮ್ ಇನ್ ಕಡೆ ಹೋಗು ಅಂದೆ. ಅದು ಗೋಡೆ ಕಟ್ಟಿದ ಒಂದು ಛತ್ರ. ಗೋರಿಯಾನ್‌ನ ಹಳೆಯ ಸ್ನೇಹಿತರಾದ ಜಹೀರಾ, ಖಾಲಿದ್ ಗಂಡ ಹೆಂಡತಿ ಅಲ್ಲಿ ಕಾಯುತ್ತಿರುತ್ತಾರೆ. ಆದರೆ ಒಳಗೆ ಹೋಗುವ ಮೊದಲು ಮೆಟ್ಟಿಲ ಮೇಲೆ ಒಬ್ಬ ನಿಂತಿರುತ್ತಾನೆ, ಟಾರ್ನೆಶ್. ನಯವಾಗಿ ಮಾತಾಡಿಸುತ್ತಾನೆ, ನೀವು ಯಾರು ಎಲ್ಲಿಂದ ಅಂತ ವಿಚಾರಿಸುತ್ತಾನೆ. ನಿಮ್ಮ ತಲೆಗೆ ಬೆಲೆ ಕಟ್ಟಿದವರು ಕಳಿಸಿದ ಮಂತ್ರವಾದಿ ಅವನು.

"ಈಗ ಸ್ಪೇಸ್ ಬಾರ್ ಒತ್ತು" ಅಂದೆ. ಒತ್ತಿದ. ಇಡೀ ಆಟ ನಿಂತಿತು. ಈ ಗೇಮ್‌ನ ಜೀವ ಇರುವುದು ಆ ಒಂದು ಗುಂಡಿಯಲ್ಲಿ. ಎಲ್ಲರೂ ಒಟ್ಟಿಗೆ ಓಡಾಡುತ್ತಾ ಹೋರಾಟ ನಡೆಯುತ್ತಿರುತ್ತದೆ, ಯಾವ ಗಳಿಗೆಯಲ್ಲಿ ಬೇಕಾದರೂ ನಿಲ್ಲಿಸಿ ಒಬ್ಬೊಬ್ಬರಿಗೂ ಏನು ಮಾಡಬೇಕು ಅಂತ ಹೇಳಬಹುದು.

ಟಾರ್ನೆಶ್ ಮೊದಲು ತನ್ನ ಸುತ್ತ ತನ್ನದೇ ಮಾಯಾರೂಪಗಳನ್ನು ಮಾಡಿಕೊಳ್ಳುತ್ತಾನೆ. ಆಮೇಲೆ ಹೆದರಿಸುವ ಮಂತ್ರ ಹಾಕುತ್ತಾನೆ, ಅದು ತಾಗಿದರೆ ನಿಮ್ಮವರು ದಿಕ್ಕಾಪಾಲಾಗಿ ಓಡುತ್ತಾರೆ. ಆದರೆ ಮಂತ್ರ ಹೇಳುತ್ತಿರುವಾಗಲೇ ಏಟು ತಾಗಿದರೆ ಮಂತ್ರ ಕೆಡುತ್ತದೆ. ಇದನ್ನು ಗೇಮ್ ಜೋರಾಗಿ ಹೇಳುವುದಿಲ್ಲ, ನೀವೇ ನೋಡಿ ಕಲಿಯಬೇಕು. ಇಮೋಯೆನ್ ಹತ್ತಿರ ಶುರುವಿನಿಂದಲೇ ಮಂತ್ರದ ಬಾಣ ಹಾರಿಸುವ ಮ್ಯಾಜಿಕ್ ಮಿಸೈಲ್ ದಂಡ ಇರುತ್ತದೆ, ತುಂಬಾ ಜನ ಅದನ್ನು ಗಮನಿಸುವುದೇ ಇಲ್ಲ. ಅದನ್ನು ಅವಳ ಕೈಗೆ ಕೊಡಿಸಿದೆ. ಅವನ ಮಂತ್ರವಾದಿಯನ್ನು ಪಕ್ಕಕ್ಕೆ ಸರಿಸಿ ಕವಣೆ ಹಿಡಿಸಿದೆ. ಮತ್ತೆ ಸ್ಪೇಸ್ ಒತ್ತಿ ಆಟ ಬಿಟ್ಟ. ಒಂದು ಕಲ್ಲು ಮಾಯಾರೂಪಕ್ಕೆ ತಾಗಿ ಅದು ಕರಗಿತು. ದಂಡದ ಏಟಿಗೆ ಇನ್ನೊಂದು. ಮತ್ತೆ ನಿಲ್ಲಿಸಿದ. ಮತ್ತೆ ಬಿಟ್ಟ. ಛತ್ರದ ಕಾವಲುಗಾರ ಒಬ್ಬ ಓಡಿಬಂದು ಕೈ ಸೇರಿಸಿದ. ಕೊನೆಗೆ ಟಾರ್ನೆಶ್ ಹೆದರಿಸುವ ಮಂತ್ರ ಅರ್ಧ ಹೇಳಿರುವಾಗ ಇಮೋಯೆನ್‌ಳ ಏಟು ಬಿತ್ತು. ಮಂತ್ರ ನಿಂತಿತು. ಇನ್ನೊಂದು ಏಟಿಗೆ ಅವನೂ ಬಿದ್ದ.

ಹುಡುಗ ಕುರ್ಚಿಯಿಂದ ಎದ್ದುಬಿಟ್ಟ. ಮೂರನೆಯ ಗೇಮ್‌ನಲ್ಲಿ ಅವನು ಡ್ರ್ಯಾಗನ್ ಕೊಂದಿದ್ದಾನೆ. ಆದರೂ ಮೆಟ್ಟಿಲ ಮೇಲಿನ ಒಬ್ಬ ಮಂತ್ರವಾದಿಯನ್ನು ಕೆಡವಿದ್ದಕ್ಕೆ ಅಷ್ಟು ಖುಷಿ. ನಾಲ್ಕು ಅಂಕದ ಜೀವ ಇಟ್ಟುಕೊಂಡು ಗೆದ್ದದ್ದಕ್ಕೆ ಇರುವ ರುಚಿಯೇ ಬೇರೆ.

ಹಾಗಾಗಿ ಹೊಸಬರಿಗೆ ನನ್ನ ಮಾತು: ಮೊದಲ ಸಲ ಫೈಟರ್ ಮಾಡಿಕೊಳ್ಳಿ, ಬಿಲ್ಲು ಕೊಡಿ. ಈ ಗೇಮ್‌ನಲ್ಲಿ ಬಿಲ್ಲಿಗೆ ತುಂಬಾ ಬಲ. ಮಂತ್ರವಾದಿಯೇ ಬೇಕು ಅಂದರೆ ಮೊದಲ ಮಂತ್ರ ಸ್ಲೀಪ್ ಇರಲಿ. ಶುರುವಿನ ವೈರಿಗಳ ಇಡೀ ಗುಂಪನ್ನೇ ಅದು ಮಲಗಿಸಿಬಿಡುತ್ತದೆ. ಛತ್ರ ತಲುಪಿ, ಜಹೀರಾ ಖಾಲಿದ್ ಇಬ್ಬರನ್ನೂ ಸೇರಿಸಿಕೊಂಡು, ಆಮೇಲೆ ಬೇರೆಗೋಸ್ಟ್ ಊರಿನ ದಾರಿ ಹಿಡಿಯಿರಿ. ಇನ್ನೊಂದು ವಿಷಯ. ಕ್ಯಾಂಡಲ್‌ಕೀಪ್ ದಾಟಿದ ಕೂಡಲೇ ಕ್ಸಾರ್, ಮಾಂಟರಾನ್ ಅಂತ ಇಬ್ಬರು ಸಿಗುತ್ತಾರೆ. ಆರಂಭದಲ್ಲಿ ಅವರಿಂದ ಉಪಕಾರವಿದೆ, ಆದರೆ ಅವರದ್ದು ಕೆಟ್ಟ ಬುದ್ಧಿ. ಜಹೀರಾ ಖಾಲಿದ್ ಜೊತೆ ಅವರನ್ನೂ ಇಟ್ಟುಕೊಂಡರೆ ಜಗಳ ಬೆಳೆದು ಒಂದು ದಿನ ಗುಂಪಿನೊಳಗೇ ಕತ್ತಿ ಹಿರಿಯುತ್ತಾರೆ.

ಮೂಲ ಗೇಮ್ ಅಥವಾ ಎನ್‌ಹಾನ್ಸ್ಡ್

ನಾನು ಮೊದಲು ಆಡಿದ್ದು ಐದು ಸೀಡಿಯ ಮೂಲ ಗೇಮ್, ಸ್ನೇಹಿತನ ಅಣ್ಣ ತಂದಿದ್ದು. ಹೊಸ ಜಾಗಕ್ಕೆ ಹೋದಾಗಲೆಲ್ಲ "ಇಂಥ ಸೀಡಿ ಹಾಕಿ" ಅಂತ ಕೇಳುತ್ತಿತ್ತು. ಒಂದು ಸೀಡಿಗೆ ಗೀರು ಬಿದ್ದಿತ್ತು, ಅದರಲ್ಲಿರುವ ಜಾಗಕ್ಕೆ ಹೋದರೆ ಕಂಪ್ಯೂಟರ್ ನಿಂತೇಬಿಡುತ್ತಿತ್ತು. ಆ ಸೀಡಿಯನ್ನು ಅಂಗಿಯ ಅಂಚಿನಿಂದ ಒರೆಸಿ ಒರೆಸಿ ಆಡಿದ ನೆನಪು ನನಗೆ ಈಗಲೂ ಪ್ರೀತಿಯದ್ದು. ಆದರೆ ನನ್ನ ನೆನಪಿಗೋಸ್ಕರ ನೀವು ಕಷ್ಟಪಡಬೇಕಾಗಿಲ್ಲ, ಅಲ್ವಾ?

ಮೂಲ ಗೇಮ್ ಓಡುವುದು 640×480 ಅಳತೆಯಲ್ಲಿ. ಈಗಿನ ಪರದೆಯಲ್ಲಿ ಅಕ್ಷರ ಒಂದೋ ಉಬ್ಬಿ ಮಸುಕಾಗುತ್ತದೆ, ಇಲ್ಲವೇ ನಡುವೆ ಅಂಚೆಚೀಟಿಯಷ್ಟು ಕಾಣುತ್ತದೆ. ಎನ್‌ಹಾನ್ಸ್ಡ್ ಎಡಿಷನ್ ಮಾಡಿದ್ದು ಬೀಮ್‌ಡಾಗ್, ಬಯೋವೇರ್ ಕಟ್ಟಿದವರಲ್ಲಿ ಒಬ್ಬರಾದ ಟ್ರೆಂಟ್ ಓಸ್ಟರ್ ಅವರ ಕಂಪನಿ. ಪರದೆಗೆ ಸರಿಯಾಗಿ ಹೊಂದುತ್ತದೆ, ಹತ್ತಿರ ದೂರ ಮಾಡಿ ನೋಡಬಹುದು, ಅಕ್ಷರ ದೊಡ್ಡದು ಮಾಡಬಹುದು. ಕೀಬೋರ್ಡಿನ ಟ್ಯಾಬ್ ಗುಂಡಿ ಒತ್ತಿದರೆ ತೆರೆಯಬಹುದಾದ ಪೆಟ್ಟಿಗೆ, ಬಾಗಿಲು ಎಲ್ಲ ಹೊಳೆಯುತ್ತವೆ. ಎರಡನೆಯ ಗೇಮ್‌ನಲ್ಲಿ ಬಂದ ಸುಧಾರಣೆಗಳನ್ನು ಹಿಂದಕ್ಕೆ ತಂದು ಒಂದನೆಯದಕ್ಕೆ ಸೇರಿಸಿದ್ದಾರೆ. ನಿಯೇರಾ, ಡಾರ್ನ್, ರಸಾದ್ ಅನ್ನುವ ಹೊಸ ಸಂಗಾತಿಗಳೂ ಇದ್ದಾರೆ. ಅವರ ಮಾತಿನ ಧಾಟಿ ಹಳೆಯವರ ಜೊತೆ ಅಷ್ಟು ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ಬೇಡ ಅಂದರೆ ಸೇರಿಸಿಕೊಳ್ಳದೆ ಮುಂದೆ ಹೋಗಿ.

ಹೋರಾಟ ಬೇಡ, ಕತೆ ಸಾಕು ಅನ್ನುವವರಿಗೆ ಇದರಲ್ಲಿ ಸ್ಟೋರಿ ಮೋಡ್ ಇದೆ, ನಿಮ್ಮವರು ಸಾಯುವುದೇ ಇಲ್ಲ. ಇದನ್ನು ಕೀಳಾಗಿ ನೋಡುವವರು ಇದ್ದಾರೆ. ನಾನು ನೋಡುವುದಿಲ್ಲ. ಆದರೆ ಟಾರ್ನೆಶ್ ಮೆಟ್ಟಿಲನ್ನು ಒಂದು ಸಲವಾದರೂ ಮಾಮೂಲಿ ಮಟ್ಟದಲ್ಲಿ ಆಡಿ ನೋಡಿ, ಆಮೇಲೆ ತೀರ್ಮಾನ ಮಾಡಿ.

ಚಿತ್ರಗಳ ಬಗ್ಗೆ ಒಂದು ಮಾತು. ಮೂಲ ಚಿತ್ರಗಳ ಕಡತಗಳು ಸಿಗದ ಕಾರಣ ಬೀಮ್‌ಡಾಗ್‌ನವರಿಗೆ ಹಿನ್ನೆಲೆಗಳನ್ನು ಹೊಸದಾಗಿ ಮಾಡಲು ಆಗಲಿಲ್ಲ. ತುಂಬಾ ಹತ್ತಿರ ಹೋದರೆ ಮಸುಕಾಗುತ್ತದೆ. ಆದರೆ ಪ್ರತಿಯೊಂದು ಜಾಗವೂ ಒಂದು ದೊಡ್ಡ ಚಿತ್ರಪಟದ ಹಾಗೆ ಇರುವುದರಿಂದ ಇದು ಹಳಸಲು ಅನ್ನಿಸುವುದಿಲ್ಲ. ಅದೇ ಕಾಲದ ತ್ರೀಡಿ ಗೇಮ್‌ಗಳನ್ನು ಈಗ ತೆರೆದು ನೋಡಿ, ಮುಖ ಮೂತಿ ಎಲ್ಲ ಮುರುಕು ಪೆಟ್ಟಿಗೆ. ಇಲ್ಲಿ ಹುಲ್ಲಿನ ಮನೆ, ಕಲ್ಲಿನ ಸೇತುವೆ, ಒದ್ದೆ ಕಾಡು ಈಗಲೂ ನೋಡಲು ಚಂದ. ಗೇಮ್‌ನೊಳಗೂ ಹಗಲು ರಾತ್ರಿ ಆಗುತ್ತದೆ, ಮಳೆ ಬರುತ್ತದೆ. ಹೆಂಚಿನ ಮೇಲೆ ನಮ್ಮ ಮಳೆ, ಹೆಡ್‌ಫೋನಿನಲ್ಲಿ ಆ ಮಳೆ. ಮೈಕೆಲ್ ಹೋನಿಗ್ ಅವರ ಸಂಗೀತ ಅದರ ಅಡಿಯಲ್ಲಿ ಮೆಲ್ಲಗೆ ಬರುತ್ತಿರುತ್ತದೆ.

ಫೋನಿನಲ್ಲೂ ಟ್ಯಾಬಿನಲ್ಲೂ ಎನ್‌ಹಾನ್ಸ್ಡ್ ಎಡಿಷನ್ ಸಿಗುತ್ತದೆ. ಟ್ಯಾಬ್ ಆದರೆ ಸರಿ. ಫೋನ್ ಬೇಡ, ಬೆರಳಿನ ಅಡಿಯಲ್ಲಿ ಮೂರು ಜನ ಮುಚ್ಚಿಹೋಗುತ್ತಾರೆ.

ಮೂರನೆಯದು ಇರುವಾಗ ಒಂದನೆಯದು ಯಾಕೆ?

ಬಾಲ್ಡರ್ಸ್ ಗೇಟ್ 3 ಬಂದಿದ್ದು 2023ರ ಆಗಸ್ಟ್‌ನಲ್ಲಿ, ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್‌ನಿಂದ. ಅದ್ಭುತವಾದ ಗೇಮ್, ಅದರಲ್ಲಿ ಎರಡು ಮಾತಿಲ್ಲ. ಸರದಿ ಪ್ರಕಾರ ಹೋರಾಟ, ಪ್ರತಿ ಪಾತ್ರಕ್ಕೂ ದನಿ, ಮುಖದ ಮೇಲೆ ಭಾವ. ಒಳ್ಳೆಯ ಯಂತ್ರ ಇದ್ದು, ಇಂಥ ಗೇಮ್ ಒಂದನ್ನೂ ಆಡಿಲ್ಲದವರಾದರೆ ಅಲ್ಲಿಂದಲೇ ಶುರುಮಾಡಿ, ತಪ್ಪೇನಿಲ್ಲ. ಕತೆ ಅರ್ಥವಾಗಲು ಹಳೆಯದು ಆಡಿರಲೇಬೇಕು ಅಂತಿಲ್ಲ. ಕತೆಯ ಕಾಲದಲ್ಲಿ ಎರಡರ ನಡುವೆ ನೂರಿಪ್ಪತ್ತು ವರ್ಷಕ್ಕೂ ಜಾಸ್ತಿ ಅಂತರ ಇದೆ.

ಆದರೆ ನಮ್ಮ ಕಡೆ ಒಂದು ಲೆಕ್ಕ ಹಾಕಲೇಬೇಕು. ಅದಕ್ಕೆ 150 ಜಿಬಿ ಜಾಗ ಬೇಕು, ಎಸ್‌ಎಸ್‌ಡಿ ಬೇಕು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ನಿಮ್ಮ ಮನೆಗೆ 10 ಎಂಬಿಪಿಎಸ್ ವೇಗದ ನೆಟ್ ಬರುತ್ತದೆ ಅಂತಿಟ್ಟುಕೊಳ್ಳಿ. ಡೌನ್‌ಲೋಡ್‌ಗೆ ಒಂದು ನಿಮಿಷವೂ ನಿಲ್ಲದೆ ಮೂವತ್ತಮೂರು ಗಂಟೆ ಹಿಡಿಯುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮಾದಾಪುರದಲ್ಲಾಗಲಿ ಭಾಗಮಂಡಲದಲ್ಲಾಗಲಿ ಮೂವತ್ತಮೂರು ಗಂಟೆ ನೆಟ್ ನಿಲ್ಲದೆ ಇರುವುದು ಎಲ್ಲಿ? ಹಳೆಯದು ಮೂರು ನಾಲ್ಕು ಜಿಬಿ, ಅದೇ ವೇಗದಲ್ಲಿ ಒಂದು ಗಂಟೆಯೊಳಗೆ ಇಳಿಯುತ್ತದೆ. ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋದಾಗ ನೆಂಟರ ಮನೆಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಗೇಮ್ ಮಾರುವ ಜಿಒಜಿ ಅನ್ನುವ ವೆಬ್‌ಸೈಟಿನಲ್ಲಿ ಕೊಂಡರೆ ಇನ್‌ಸ್ಟಾಲರ್ ಕಡತವನ್ನೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದು, ಆಮೇಲೆ ಆಡಲು ನೆಟ್ ಬೇಡವೇ ಬೇಡ. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಫ್ಯಾನ್ ಸದ್ದು ಮಾಡುವುದಿಲ್ಲ, ಬ್ಯಾಟರಿ ಬೇಗ ಖಾಲಿಯಾಗುವುದಿಲ್ಲ. ಕರೆಂಟ್ ಇಲ್ಲದ ಸಂಜೆಗೆ ಇದು ಸಣ್ಣ ವಿಷಯ ಅಲ್ಲ.

ಯಂತ್ರದ ಮಾತು ಬಿಟ್ಟರೂ ಇನ್ನೊಂದಿದೆ. ಮೂರನೆಯದು ನಿಮಗೆ ಎಲ್ಲವನ್ನೂ ತೋರಿಸುತ್ತದೆ. ಒಂದನೆಯದು ನಿಮ್ಮ ಕೈಯಲ್ಲಿ ಅರ್ಧ ಕಟ್ಟಿಸುತ್ತದೆ. ಪಾತ್ರಗಳು ಪರದೆಯ ಮೇಲೆ ಹೆಬ್ಬೆರಳಷ್ಟು. ಮುಖ ಅಂದರೆ ಪಕ್ಕದಲ್ಲಿ ಇರುವ ಒಂದು ಚಿತ್ರ. ದನಿ ಕೇಳಿಸುವುದು ಅಲ್ಲೊಂದು ಇಲ್ಲೊಂದು ಸಾಲಿಗೆ. ಉಳಿದದ್ದು ಓದಬೇಕು. ಖಾಲಿದ್ ಉಗ್ಗುತ್ತಾ ಮಾತಾಡುತ್ತಾನೆ, ಜಹೀರಾ ಅವನ ಪರವಾಗಿ ಎಲ್ಲರ ಮೇಲೂ ರೇಗುತ್ತಾಳೆ. ಅವರ ಸಂಸಾರದ ಬಗ್ಗೆ ಗೇಮ್ ಹೇಳುವುದು ತುಂಬಾ ಕಡಿಮೆ. ಆದರೆ ಅವರಿಬ್ಬರ ಜೊತೆ ಐವತ್ತು ಗಂಟೆ ನಡೆದ ಮೇಲೆ, ಉಳಿದದ್ದನ್ನು ನೀವೇ ತುಂಬಿಕೊಂಡಿರುತ್ತೀರಿ. ಮೂರನೆಯ ಗೇಮ್‌ನಲ್ಲಿ ಜಹೀರಾ ವಯಸ್ಸಾಗಿ ಮತ್ತೆ ಬರುತ್ತಾಳೆ. ಅಕ್ಕನ ಮಗನಿಗೆ ಅವಳು ಅಲ್ಲಿ ಒಬ್ಬ ಗಟ್ಟಿ ಮುದುಕಿ, ಅಷ್ಟೇ. ನನಗೆ ಅವಳನ್ನು ನೋಡಿದಾಗ ಆ ಛತ್ರದ ಒಳಗೆ ಗಂಡನ ಪಕ್ಕ ನಿಂತಿದ್ದ ಹೆಂಗಸು ಕಂಡಳು. ಗಂಟಲು ಕಟ್ಟಿತು. ಒಂದನೆಯದರಲ್ಲಿ ಸಂಗಾತಿಯಾಗಿದ್ದ ಮಿನ್ಸ್ಕ್ ಮತ್ತು ಅವನ ಬೂ ಅನ್ನುವ ಹ್ಯಾಮ್‌ಸ್ಟರ್ ಕೂಡ ಮತ್ತೆ ಬರುತ್ತಾರೆ. ಮೂರನೆಯದು ಆಡಿದ್ದೇನೆ, ಮತ್ತೊಮ್ಮೆ ಆಡುತ್ತೇನೆ ಅನ್ನುವವರು ನಡುವೆ ಒಂದನೆಯದನ್ನು ಆಡಿಬನ್ನಿ. ಅದೇ ದೃಶ್ಯ ಬೇರೆಯಾಗಿ ಕಾಣುತ್ತದೆ.

ಇಂಗ್ಲಿಷ್ ಬಗ್ಗೆ ಕೇಳುವವರಿಗೆ: ಈ ಯಾವ ಗೇಮ್‌ನಲ್ಲೂ ಕನ್ನಡ ಇಲ್ಲ. ಆದರೆ ಹಳೆಯದರಲ್ಲಿ ಮಾತು ನೀವು ಕ್ಲಿಕ್ ಮಾಡುವವರೆಗೆ ಪರದೆಯ ಮೇಲೆ ಕಾಯುತ್ತದೆ. ನಿಧಾನವಾಗಿ ಓದಬಹುದು, ಗೊತ್ತಿಲ್ಲದ ಪದ ನೋಡಿಕೊಂಡು ಮುಂದೆ ಹೋಗಬಹುದು. ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ಇಂಗ್ಲಿಷ್‌ನ ಎಷ್ಟೋ ಪದ ಬಂದಿದ್ದು ಈ ಗೇಮ್‌ನ ಛತ್ರಗಳಿಂದ, ಅಂಗಡಿಗಳಿಂದ.

ಎರಡನೆಯದಕ್ಕೆ ನೇರ ಹೋದರೆ?

ಇದು ತುಂಬಾ ಜನ ಕೊಡುವ ಸಲಹೆ. 2000ರಲ್ಲಿ ಬಂದ ಬಾಲ್ಡರ್ಸ್ ಗೇಟ್ 2 ಎಲ್ಲದರಲ್ಲೂ ದೊಡ್ಡದು. ಸಂಗಾತಿಗಳ ಮಾತು ಜಾಸ್ತಿ, ಊರು ದೊಡ್ಡದು, ಇರೆನಿಕಸ್ ಅನ್ನುವ ಎದುರಾಳಿ ಮರೆಯಲಾಗದವನು. ಆದರೆ ಅದು ಏಳೆಂಟನೇ ಲೆವೆಲ್‌ನಿಂದ ಶುರು. ಹೊಸಬನ ಕೈಗೆ ಮೊದಲ ದಿನವೇ ಹತ್ತಾರು ಮಂತ್ರ ಕೊಟ್ಟರೆ ಏನು ಮಾಡಬೇಕು? ಮೊದಲ ಒಂದು ಗಂಟೆಯಲ್ಲೇ ಒಂದು ಸಾವಿನ ಸುದ್ದಿ ಎದುರಾಗುತ್ತದೆ. ಯಾರದ್ದು ಅಂತ ಹೇಳುವುದಿಲ್ಲ. ಒಂದನೆಯದು ಆಡಿದವನಿಗೆ ಅದು ಎದೆಗೆ ನಾಟುತ್ತದೆ, ಆಡದವನಿಗೆ ಅದು ಬರೀ ಒಂದು ಹೆಸರು. ನನ್ನ ಮಾತು ಕೇಳಿ, ಒಂದರಿಂದಲೇ ಬನ್ನಿ. ಎನ್‌ಹಾನ್ಸ್ಡ್‌ನಲ್ಲಿ ನಿಮ್ಮದೇ ಪಾತ್ರವನ್ನು ಎರಡನೆಯದಕ್ಕೆ ಕರೆದುಕೊಂಡು ಹೋಗಬಹುದು.

ಬೇರೆ ಹಳೆಯ ಗೇಮ್‌ಗಳು

ಪ್ಲೇನ್‌ಸ್ಕೇಪ್: ಟಾರ್ಮೆಂಟ್, 1999. ಬಾಲ್ಡರ್ಸ್ ಗೇಟ್‌ನ ಎಂಜಿನ್ ಬಳಸಿ ಬ್ಲ್ಯಾಕ್ ಐಲ್ ಮಾಡಿದ್ದು. ನಿಮಗೆ ಹೆಸರಿಲ್ಲ, ನೆನಪಿಲ್ಲ, ಹೆಣದ ಮನೆಯ ಕಲ್ಲಿನ ಮೇಲೆ ಎಚ್ಚರವಾಗುತ್ತೀರಿ. ಪಕ್ಕದಲ್ಲಿ ತೇಲುವ ಒಂದು ಬುರುಡೆ ನಿಮ್ಮನ್ನು ಮಾತಾಡಿಸುತ್ತದೆ. ಸತ್ತರೂ ಆಟ ಮುಗಿಯುವುದಿಲ್ಲ, ಮತ್ತೆ ಏಳುತ್ತೀರಿ. ಇಂಗ್ಲಿಷ್‌ನಲ್ಲಿ ಸುಮಾರು ಎಂಟು ಲಕ್ಷ ಪದಗಳ ಬರವಣಿಗೆ. ಹೋರಾಟ ಸಪ್ಪೆ, ಮಾತು ಬಂಗಾರ. ಕಾದಂಬರಿ ಓದುವ ಚಟ ಇದ್ದು, ಬೀದಿ ಭಾಷೆಯ ಇಂಗ್ಲಿಷ್‌ಗೆ ಹೆದರದವರು ಮಾತ್ರ ತಗೊಳ್ಳಿ. ಅಂಥವರಿಗೆ ಬಾಲ್ಡರ್ಸ್ ಗೇಟ್‌ಗಿಂತ ಇದೇ ಮೇಲು ಅಂತಲೂ ಹೇಳುತ್ತೇನೆ.

ಫಾಲೌಟ್, 1997. ಇಪ್ಪತ್ತು ಗಂಟೆಯೊಳಗೆ ಮುಗಿಯುವ ಗೇಮ್ ಬೇಕು ಅಂದರೆ ಇದು. ಒಂದೇ ಸೀಡಿಗೆ ಹಿಡಿಯುತ್ತಿದ್ದ ಗೇಮ್, ಒಂದು ಜಿಬಿಯೂ ಇಲ್ಲ. 2077ರ ಅಣುಯುದ್ಧದ ನಂತರದ ಅಮೆರಿಕ. ನೆಲದಡಿಯ ವಾಲ್ಟ್ 13ರಲ್ಲಿ ನೀರು ಶುದ್ಧ ಮಾಡುವ ಚಿಪ್ ಕೆಟ್ಟಿದೆ, 150 ದಿನದೊಳಗೆ ಬೇರೆ ತರಬೇಕು. ಸರದಿ ಹೋರಾಟ, ಹಾಗಾಗಿ ಮೂರನೆಯ ಬಾಲ್ಡರ್ಸ್ ಗೇಟ್ ಆಡಿದವರಿಗೆ ಕೈ ಬೇಗ ಕೂರುತ್ತದೆ. ಮಾತಿನ ಜಾಣ್ಮೆ ಬೆಳೆಸಿಕೊಂಡರೆ ಕೊನೆಯ ಎದುರಾಳಿಯನ್ನು ಗುಂಡು ಹಾರಿಸದೆ ಬರೀ ಮಾತಿನಿಂದಲೇ ಸೋಲಿಸಬಹುದು. ಬುದ್ಧಿ ಅಂಕವನ್ನು ತೀರಾ ಕಡಿಮೆ ಇಟ್ಟರೆ ನಿಮ್ಮ ಪಾತ್ರಕ್ಕೆ ಸರಿಯಾಗಿ ಮಾತೇ ಬರುವುದಿಲ್ಲ, ಜನ ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುತ್ತಾರೆ. ತೊಡಕು ಅಂದರೆ ಸಂಗಾತಿಗಳಿಗೆ ನೀವು ಅಪ್ಪಣೆ ಕೊಡುವ ಹಾಗಿಲ್ಲ. ನಿಮ್ಮ ಹಿಂದೆ ಬರುವ ಡಾಗ್‌ಮೀಟ್ ಅನ್ನುವ ನಾಯಿ ತಾನಾಗಿ ಮುನ್ನುಗ್ಗಿ ಸಾಯುವುದನ್ನು ನೋಡಬೇಕಾಗುತ್ತದೆ.

ಐಸ್‌ವಿಂಡ್ ಡೇಲ್, 2000: ಹೋರಾಟವೇ ಮುಖ್ಯ ಅನ್ನುವವರಿಗೆ ಸರಿ, ಮೊದಲ ಗೇಮ್ ಆಗಿ ಬೇಡ.

ಆಡಲು ಕೂರುವ ಮುಂಚೆ

ಬಾಲ್ಡರ್ಸ್ ಗೇಟ್‌ನಲ್ಲಿ ಕ್ಯೂ ಒತ್ತಿದರೆ ಆ ಕ್ಷಣಕ್ಕೆ ಸೇವ್ ಆಗುತ್ತದೆ. ಹೋರಾಟದ ನಡುವೆ ಆಗುವುದಿಲ್ಲ, ಆದ್ದರಿಂದ ಮುಂಚೆಯೇ ಒತ್ತಿ. ಬೇರೆ ಬೇರೆ ಹೆಸರಿನಲ್ಲಿ ಮೂರು ನಾಲ್ಕು ಸೇವ್ ಇಡಿ. ಡೆಸ್ಕ್‌ಟಾಪ್‌ನಲ್ಲಿ ಆಡುವವರು ಯುಪಿಎಸ್ ಇಲ್ಲದೆ ಆಡಬೇಡಿ. ಒಂದು ಮಳೆಗಾಲದಲ್ಲಿ, ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋಗಿ ನನ್ನ ಇಪ್ಪತ್ತು ಗಂಟೆ ಹೋಯಿತು. ಒಂದೇ ಸೇವ್ ಇಟ್ಟುಕೊಂಡಿದ್ದೆ. ಗಣಿಯ ಕೊನೆಯ ಮಜಲಿನವರೆಗೂ ಬಂದಿದ್ದೆ, ಮತ್ತೆ ಆ ಗೇಮ್ ತೆರೆಯಲು ಹುತ್ತರಿ ಹಬ್ಬ ದಾಟಿತು.

ಪಕ್ಕದಲ್ಲಿ ಒಂದು ನೋಟ್‌ಬುಕ್, ಪೆನ್ ಇಟ್ಟುಕೊಳ್ಳಿ. ಗೇಮ್‌ನೊಳಗೆ ಟಿಪ್ಪಣಿ ಪುಸ್ತಕ ಇದೆ, ಆದರೆ "ಈ ಮುದುಕ ಏನೋ ಮುಚ್ಚಿಡುತ್ತಿದ್ದಾನೆ" ಅಂತ ಅದರಲ್ಲಿ ಬರುವುದಿಲ್ಲ. ಅದು ನಿಮ್ಮ ಕೈಬರಹದಲ್ಲೇ ಇರಬೇಕು. ಇಂಟರ್ನೆಟ್‌ನಲ್ಲಿ ಪೂರ್ತಿ ದಾರಿ ತೋರಿಸುವವರು ಬೇಕಾದಷ್ಟಿದ್ದಾರೆ. ಸಿಕ್ಕಿಹಾಕಿಕೊಂಡರೆ ನೋಡಿ, ಮೊದಲೇ ನೋಡಬೇಡಿ. ಕಾಫಿ ಕೊಯ್ಲಿನ ದಿನಗಳಲ್ಲಿ ಇಂಥದ್ದಕ್ಕೆ ಕೈ ಹಾಕಬೇಡಿ, ಎರಡು ದಿನ ಬಿಟ್ಟರೆ ಎಲ್ಲಿದ್ದೆವು ಅಂತಲೇ ಮರೆತುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್, ಇದೇ ಸರಿಯಾದ ಕಾಲ.

ಅಕ್ಕನ ಮಗ ಮೂರು ವಾರದಲ್ಲಿ ನ್ಯಾಶ್ಕೆಲ್ ಗಣಿ ಮುಗಿಸಿದ. ಆಗಸ್ಟ್ 3ಕ್ಕೆ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು, ಅವನು ನೇರಳೆ ಬಣ್ಣದ ಬಾಯಿ ಒರೆಸಿಕೊಳ್ಳುತ್ತಲೇ ಬಂದು ಕಬ್ಬಿಣ ಕೆಡಿಸಿದ್ದು ಯಾರು ಅಂತ ತನ್ನ ಊಹೆ ಹೇಳಿದ. ಅರ್ಧ ಸರಿ ಇತ್ತು. ಕಾಲೇಜು ಶುರುವಾದ ಮೇಲೆ ಅಷ್ಟು ಹೊತ್ತು ಕೂರಲು ಆಗುವುದಿಲ್ಲ ಅಂತ ಬಾಲ್ಡರ್ಸ್ ಗೇಟ್ ಅನ್ನು ಮುಂದಿನ ರಜೆಗೆ ಎತ್ತಿಟ್ಟ. ಬಸ್ ಹತ್ತುವ ಮುಂಚೆ ಪೆನ್‌ಡ್ರೈವ್‌ನಲ್ಲಿ ಫಾಲೌಟ್ ಹಾಕಿಕೊಟ್ಟೆ. ಮೊನ್ನೆ ಫೋನ್ ಮಾಡಿದ್ದ. ನೂರೈವತ್ತರಲ್ಲಿ ಎಂಬತ್ತು ದಿನ ಕಳೆದಿದೆಯಂತೆ, ನೀರಿನ ಚಿಪ್ ಇನ್ನೂ ಸಿಕ್ಕಿಲ್ಲವಂತೆ. "ಎಲ್ಲಿದೆ ಅಂತ ಹೇಳಿ ಮಾವ" ಅಂದ. "ಹಬ್ ಅನ್ನುವ ಊರಲ್ಲಿ ನೀರು ಮಾರುವವರನ್ನು ಮಾತಾಡಿಸಿದ್ಯಾ?" ಅಂತಷ್ಟೇ ಕೇಳಿದೆ.